403ರಲ್ಲಿ 158 ಕಳೆದರೆ



ಈ ದತ್ತಿ ಉಪನ್ಯಾಸದ ದಾನಿಗಳು ತಮ್ಮ ಹೆಸರು ವೇದಿಕೆಯ ಮೇಲೆ ಬರಕೂಡದೆಂದು ಕೇಳಿಕೊಂಡಿದ್ದಾರೆ. ಅವರ ತಂದೆ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವರು ಎನ್ನುವಷ್ಟನ್ನು ಹೇಳಲು ಮಾತ್ರ ನನಗೆ ಅಪ್ಪಣೆ ಸಿಕ್ಕಿದೆ. ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದರಿಂದ, ಅಮೆರಿಕದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ, ಸುಮಾರು ಮೂವತ್ತು ವರ್ಷಗಳಿಂದ ಕಾವು ಇಳಿಯದೆ ನಡೆದುಬಂದಿರುವ ಒಂದು ಜಗಳವನ್ನು ಎತ್ತಿಕೊಂಡಿದ್ದೇನೆ. ಪುಟ್ಟ ಮಗು ಲೆಕ್ಕದಲ್ಲಿ ತಪ್ಪಿದರೆ ಟೀಚರು ಅದನ್ನು ತಪ್ಪು ಎನ್ನಬೇಕೋ, ಸುಮ್ಮನಿರಬೇಕೋ? ಇಷ್ಟೇ ಪ್ರಶ್ನೆ. ಇದಕ್ಕಾಗಿ ತಂದೆತಾಯಿಗಳು ಸಂಘ ಕಟ್ಟಿದರು, ಗಣಿತಜ್ಞರು ಪತ್ರಿಕೆಯಲ್ಲಿ ಬಹಿರಂಗ ಪತ್ರ ಹಾಕಿಸಿದರು, ಕೇಂದ್ರ ಶಿಕ್ಷಣ ಮಂತ್ರಿ ಕದನವಿರಾಮಕ್ಕೆ ಕರೆ ಕೊಟ್ಟರು. ‘ಮ್ಯಾಥ್ ವಾರ್ಸ್’ ಎಂದೇ ಅದಕ್ಕೆ ಹೆಸರು ಬಿತ್ತು.

ಕಥೆಯನ್ನು ಒಬ್ಬ ತಂದೆಯಿಂದಲೇ ಶುರುಮಾಡುತ್ತೇನೆ. 1953ರ ನವೆಂಬರ್ 11ರಂದು ಹಾರ್ವರ್ಡ್‌ನ ಮನಃಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ತಮ್ಮ ಕಿರಿಯ ಮಗಳು ಓದುತ್ತಿದ್ದ ನಾಲ್ಕನೆಯ ತರಗತಿಗೆ ಹೋಗಿ ಕೂತರು. ಅಪ್ಪಂದಿರು ಬಂದು ಪಾಠ ನೋಡಬಹುದಾದ ದಿನ ಅದು. ಲೆಕ್ಕದ ಪಾಠ ನಡೆದಿತ್ತು. ಬೇಗ ಮುಗಿಸಿದ ಮಕ್ಕಳು ಚಡಪಡಿಸುತ್ತಿದ್ದರು, ಬಾರದವರು ಒದ್ದಾಡುತ್ತಿದ್ದರು. ಕೊನೆಗೆ ಹಾಳೆಗಳನ್ನು ಒಟ್ಟುಮಾಡಿಕೊಂಡರು. ತಿದ್ದಿ ಕೊಡುವುದು ಮರುದಿನ. ಪಾರಿವಾಳಕ್ಕೆ ಕ್ಷಣಾರ್ಧದಲ್ಲಿ ಕಾಳು ಬೀಳಿಸಿ ಪಾಠ ಕಲಿಸುತ್ತಿದ್ದ ಮನುಷ್ಯನಿಗೆ ಇದು ಸಹಿಸಲಾಗದ ವಿಳಂಬವಾಗಿ ಕಂಡಿತು. ಮಾಡಿದ್ದು ಸರಿಯೋ ತಪ್ಪೋ ಎಂದು ಆಗಿಂದಾಗ್ಗೆ ತಿಳಿಯದ ಮಗು ಕಲಿಯುವುದಾದರೂ ಹೇಗೆ? ಕೆಲವೇ ದಿನಗಳಲ್ಲಿ ಸ್ಕಿನ್ನರ್ ತಮ್ಮ ಮೊದಲ ಬೋಧನ ಯಂತ್ರ ಮಾಡಿದರು. ಉತ್ತರ ಕೊಟ್ಟ ಕೂಡಲೇ ಸರಿತಪ್ಪು ಹೇಳುವ ಪೆಟ್ಟಿಗೆ ಅದು.

ಆ ಪೆಟ್ಟಿಗೆಗಿಂತ ಅದರ ಹಿಂದಿನ ನಂಬಿಕೆ ದೊಡ್ಡದಾಗಿ ಬೆಳೆಯಿತು. 1960ರ ದಶಕದಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಗಣಿತವನ್ನು ಚಿಕ್ಕ ಚಿಕ್ಕ ಹಾಳೆಗಳಾಗಿ ಕತ್ತರಿಸಿ, ಪ್ರತಿ ಮಗುವೂ ತನ್ನದೇ ವೇಗದಲ್ಲಿ ಮಾಡುತ್ತ, ಉತ್ತರಪತ್ರಿಕೆಯೊಂದಿಗೆ ತಾಳೆ ನೋಡಿ, ಪರೀಕ್ಷೆ ಪಾಸಾಗಿ ಮುಂದೆ ಹೋಗುವ ಕ್ರಮವೊಂದನ್ನು ರೂಪಿಸಿದರು. ಅಲ್ಲಿ ತಪ್ಪಿಗೆ ಅಡಗಿಕೊಳ್ಳಲು ಜಾಗವೇ ಇರಬಾರದಿತ್ತು. 1973ರಲ್ಲಿ ಸ್ಟ್ಯಾನ್ಲಿ ಅರ್ಲ್‌ವಾಂಗರ್ ಎಂಬ ಸಂಶೋಧಕರು ಆ ಕ್ರಮದಲ್ಲಿ ಓದುತ್ತಿದ್ದ ಆರನೆಯ ತರಗತಿಯ ಹುಡುಗನೊಬ್ಬನನ್ನು ಕೂರಿಸಿಕೊಂಡು ಮಾತಾಡಿಸಿದರು. ವರದಿಯಲ್ಲಿ ಅವನ ಹೆಸರು ಬೆನ್ನಿ. ಟೀಚರ ಲೆಕ್ಕದಲ್ಲಿ ಅವನು ತರಗತಿಯ ಜಾಣರಲ್ಲೊಬ್ಬ. ಒಂದಾದ ಮೇಲೊಂದು ಪರೀಕ್ಷೆ ಪಾಸಾಗಿ ಬಂದವನು. ಮಾತಾಡಿಸಿದಾಗ ಗೊತ್ತಾದದ್ದೇ ಬೇರೆ. ಭಿನ್ನರಾಶಿಯನ್ನು ದಶಮಾಂಶ ಮಾಡುವಾಗ ಅವನು ಮೇಲಿನ ಸಂಖ್ಯೆಯನ್ನೂ ಕೆಳಗಿನದನ್ನೂ ಕೂಡಿ ಚುಕ್ಕೆ ಇಡುತ್ತಿದ್ದ. ಅವನ ಪ್ರಕಾರ 4/11 ಎಂದರೆ 1.5. 11/4 ಎಂದರೂ 1.5. ಎರಡೂ ಹೇಗೆ ಒಂದೇ ಆದಾವು ಎಂಬ ಅನುಮಾನ ಅವನಿಗೆ ಬರಲೇ ಇಲ್ಲ. 0.3ಕ್ಕೆ 0.4 ಕೂಡಿದರೆ 0.07. ಉತ್ತರಪತ್ರಿಕೆ ‘ತಪ್ಪು’ ಎಂದಾಗಲೆಲ್ಲ ಅವನು ಒಂದು ತೀರ್ಮಾನಕ್ಕೆ ಬರುತ್ತಿದ್ದ: ನನ್ನದೂ ಸರಿಯೇ, ಆದರೆ ಆ ಪತ್ರಿಕೆಗೆ ಬೇರೆ ರೂಪದ ಉತ್ತರ ಬೇಕಾಗಿದೆ. ಗಣಿತವೆಂದರೆ ಯಾರೋ ಕಟ್ಟಿದ ನಿಯಮಗಳ ಆಟ, ಉತ್ತರಪತ್ರಿಕೆಯ ಮನಸ್ಸನ್ನು ಊಹಿಸಿದವನೇ ಗೆದ್ದ.

ತಪ್ಪು ಎಂದು ಹೇಳುವುದರಲ್ಲಿ ಆ ಕ್ರಮ ಎಲ್ಲೂ ಸೋತಿರಲಿಲ್ಲ, ಗಮನಿಸಿ. ಬೇಕಾದಷ್ಟು ಸಲ, ಬೇಕಾದಷ್ಟು ಬೇಗ ಹೇಳಿತ್ತು. ಆ ಹುಡುಗ ಏನು ಯೋಚಿಸುತ್ತಿದ್ದಾನೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಇಂಥ ಕಥೆಗಳು ಹೊರಬಂದ ಮೇಲೆ ಗಾಳಿ ತಿರುಗಿತು. ತಿರುಗುವಾಗ ಅಮೆರಿಕದ ಗಾಳಿ ಅರ್ಧಕ್ಕೆ ನಿಲ್ಲುವ ಜಾತಿಯದಲ್ಲ. ಜಿನೀವಾದಲ್ಲಿ ಮನಃಶಾಸ್ತ್ರಜ್ಞ ಪಿಯಾಜೆಯವರ ಬಳಿ ಕಲಿತು ಬಂದ ಕಾನ್ಸ್‌ಟನ್ಸ್ ಕಮೀ 1985ರಲ್ಲಿ ಪುಟ್ಟ ಮಕ್ಕಳು ಅಂಕಗಣಿತವನ್ನು ತಾವೇ ಮರಳಿ ಕಂಡುಹಿಡಿಯುತ್ತಾರೆ ಎಂಬ ಪುಸ್ತಕ ಪ್ರಕಟಿಸಿದರು. ಅವರ ಬೋಧನಾ ಸೂತ್ರಗಳಲ್ಲಿ ಒಂದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು: ಸರಿಯುತ್ತರಕ್ಕೆ ಶಭಾಸ್‌ಗಿರಿ ಕೊಡಬೇಡಿ, ತಪ್ಪುತ್ತರವನ್ನು ತಿದ್ದಬೇಡಿ, ಬಂದ ಉತ್ತರಗಳನ್ನೆಲ್ಲ ಹಲಗೆಯ ಮೇಲೆ ಬರೆದು, ಒಪ್ಪುತ್ತೀರಾ ಎಂದು ಮಕ್ಕಳನ್ನೇ ಕೇಳಿ, ಅವರವರೇ ವಾದಿಸಿಕೊಳ್ಳಲಿ. ಸರಿತಪ್ಪು ನಿರ್ಧರಿಸುವ ಅಧಿಕಾರ ಟೀಚರ ಕೈಯಲ್ಲಿದ್ದರೆ ಮಗು ಟೀಚರ ಮುಖ ನೋಡುತ್ತದೆಯೇ ಹೊರತು ಲೆಕ್ಕ ನೋಡುವುದಿಲ್ಲ ಎಂಬುದು ಅವರ ವಾದ. ನಾಲ್ಕು ವರ್ಷದ ನಂತರ, 1989ರಲ್ಲಿ, ಅಮೆರಿಕದ ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ ತನ್ನ ಹೊಸ ಮಾನದಂಡಗಳನ್ನು ಹೊರತಂದಿತು. ಬಾಯಿಪಾಠ ಕಡಿಮೆಯಾಗಲಿ, ಕ್ಯಾಲ್ಕುಲೇಟರು ಬರಲಿ, ಚರ್ಚೆ ಹೆಚ್ಚಲಿ ಎಂಬ ದಿಕ್ಕು ಅದು.

ಕಮೀಯವರನ್ನು ಗೇಲಿ ಮಾಡುವುದು ಸುಲಭ. ನಾನು ಮಾಡಲಾರೆ, ಏಕೆಂದರೆ ಅವರ ಬಳಿ ಸಾಕ್ಷ್ಯವಿತ್ತು. ಎರಡನೆಯ ತರಗತಿಯ ಮಕ್ಕಳಿಗೆ ಅವರು 7 + 52 + 186 ಎಂಬ ಲೆಕ್ಕವನ್ನು ಅಡ್ಡಸಾಲಿನಲ್ಲಿ ಬರೆದು, ಪೆನ್ಸಿಲ್ ಹಾಳೆ ಕೊಡದೆ, ಮನಸ್ಸಿನಲ್ಲೇ ಮಾಡಿ ಎಂದರು. ನಮ್ಮ ನಿಮ್ಮ ಹಾಗೆ ಒಂದರ ಕೆಳಗೊಂದು ಬರೆದು, ಕೈಯಲ್ಲಿ ಒಂದು ಇಟ್ಟುಕೊಂಡು ಕೂಡಲು ಕಲಿತಿದ್ದ ತರಗತಿಯಲ್ಲಿ ನೂರಕ್ಕೆ 12 ಮಕ್ಕಳು ಸರಿಯುತ್ತರ ಕೊಟ್ಟರು. ಆ ಪದ್ಧತಿ ಕಲಿಯದೆ ತಮ್ಮದೇ ದಾರಿ ಮಾಡಿಕೊಂಡಿದ್ದ ತರಗತಿಯಲ್ಲಿ 45. ಪದ್ಧತಿ ಕಲಿತವರ ತಪ್ಪುಗಳನ್ನು ನೋಡಬೇಕು. ಒಂದು ಮಗುವಿಗೆ ಮೊತ್ತ 9308 ಬಂದಿತ್ತು. ಇನ್ನು ಕೆಲವರು ಕಂಡ ಅಂಕಿಗಳನ್ನೆಲ್ಲ ಬಿಡಿಯೆಂದೇ ತಿಳಿದು ಕೂಡಿ 29 ಎಂದಿದ್ದರು. 186 ಒಂದೇ ಇರುವಾಗ ಮೊತ್ತ ಅದಕ್ಕಿಂತ ಕಡಿಮೆ ಹೇಗಾದೀತು ಎಂದು ಅನ್ನಿಸದಷ್ಟರ ಮಟ್ಟಿಗೆ ಆ ಪದ್ಧತಿ ಅವರ ಬುದ್ಧಿಯನ್ನು ರಜೆಯ ಮೇಲೆ ಕಳಿಸಿತ್ತು. ನಾಲ್ಕು ದಶಕ ಲೆಕ್ಕ ಹೇಳಿಕೊಟ್ಟ ನನಗೆ ಈ 29 ಹೊಸ ಮುಖವಲ್ಲ. ಇಲ್ಲಿ ಕೂತಿರುವ ಶಿಕ್ಷಕರೂ ಅದನ್ನು ಕಂಡಿದ್ದೀರಿ.

ಆದರೆ ಪುಸ್ತಕದಲ್ಲಿದ್ದ ಕಮೀ ಬೇರೆ, ಊರೂರಿನ ಶಾಲೆಗಳಿಗೆ ಇಳಿದ ಕಮೀ ಬೇರೆ. ಅವರ ತರಗತಿಯಲ್ಲಿ ತಪ್ಪು ಹಲಗೆಯ ಮೇಲೆ ಉಳಿದು, ಅದರ ಮೇಲೆ ವಾದ ನಡೆದು, ಸಾಮಾನ್ಯವಾಗಿ ಆ ವಾದದಲ್ಲೇ ಅದು ಸೋಲುತ್ತಿತ್ತು. ವಾದ ನಡೆಸಲು ಬರುವ ಟೀಚರು ಇಲ್ಲದ ಕಡೆ ‘ತಿದ್ದಬೇಡಿ’ ಎಂಬ ಅರ್ಧ ಸೂತ್ರ ಮಾತ್ರ ಉಳಿಯಿತು. ಚರ್ಚೆ ನಡೆಸಲು ತಯಾರಿ ಬೇಕು, ಗಣಿತ ಬೇಕು, ತಾಳ್ಮೆ ಬೇಕು. ತಿದ್ದದೆ ಇರಲು ಏನೂ ಬೇಕಿಲ್ಲ.

ಕ್ಯಾಲಿಫೋರ್ನಿಯಾ 1992ರಲ್ಲಿ ಹೊಸ ಗಣಿತ ಚೌಕಟ್ಟು ತಂದಿತು. ಅದಕ್ಕೆ ಹೊಂದುವಂತೆ ಒಪ್ಪಿಗೆ ಪಡೆದ ಪಠ್ಯಕ್ರಮಗಳಲ್ಲಿ ‘ಮ್ಯಾಥ್‌ಲ್ಯಾಂಡ್’ ಎಂಬುದು ಹೆಸರು ಮಾಡಿತು, ಸರಿಯಾಗಿ ಹೇಳಬೇಕೆಂದರೆ ಹೆಸರು ಕೆಡಿಸಿಕೊಂಡಿತು. ಅದರಲ್ಲಿ ಮಗುವಿನ ಕೈಗೆ ಪಠ್ಯಪುಸ್ತಕವೇ ಇರಲಿಲ್ಲ. ಕೂಡುವ, ಕಳೆಯುವ, ಗುಣಿಸುವ ವಾಡಿಕೆಯ ಪದ್ಧತಿಗಳನ್ನೂ ಹೇಳಿಕೊಡುತ್ತಿರಲಿಲ್ಲ. ಸಂಜೆ ಮಗುವಿನ ಪಕ್ಕ ಕೂತ ಅಪ್ಪನಿಗೋ ಅಮ್ಮನಿಗೋ ತೆರೆದು ನೋಡಲು ಒಂದು ಪುಟವಿಲ್ಲ, ಇದು ಪಾಠ, ಇದು ಅಭ್ಯಾಸ ಎಂದು ಹಿಡಿಯಲು ಒಂದು ತುದಿಯಿಲ್ಲ. ತಂದೆತಾಯಿಗಳ ಸಿಟ್ಟಿನಲ್ಲಿ ಅರ್ಧಭಾಗ ಹುಟ್ಟಿದ್ದು ಈ ಖಾಲಿತನದಿಂದ ಎಂದು ನನ್ನ ಅಂದಾಜು. ತಪ್ಪನ್ನು ಶಾಲೆ ತಿದ್ದುತ್ತಿಲ್ಲ, ಮನೆಯಲ್ಲಿ ತಿದ್ದೋಣವೆಂದರೆ ಏನನ್ನು ಕಲಿಸಿದ್ದಾರೆಂದೇ ತಿಳಿಯದು.

1995ರಲ್ಲಿ ಸ್ಯಾನ್ ಡಿಯಾಗೋದಲ್ಲಿ ‘ಮ್ಯಾಥಮೆಟಿಕಲಿ ಕರೆಕ್ಟ್’ ಎಂಬ ಗುಂಪು ಹುಟ್ಟಿತು. ಅದೇ ವರ್ಷ ಪಾಲೋ ಆಲ್ಟೋದಲ್ಲಿ ‘ಹೋಲ್ಡ್’ ಎಂಬ ಇನ್ನೊಂದು. ಇವರಲ್ಲಿ ವಿಜ್ಞಾನಿಗಳಿದ್ದರು, ಎಂಜಿನಿಯರುಗಳಿದ್ದರು. ಅಂಕಿಅಂಶ ಓದಬಲ್ಲ ತಂದೆತಾಯಿಗಳು. ಶಾಲಾ ಮಂಡಳಿಯ ಸಭೆಗಳಲ್ಲಿ ಎದ್ದುನಿಂತು ಅವರು ಕೇಳುತ್ತಿದ್ದ ಪ್ರಶ್ನೆ ಸರಳವಾಗಿತ್ತು: ನನ್ನ ಮಗಳಿಗೆ ಇದು ತಪ್ಪು ಎಂದು ಯಾರು, ಯಾವತ್ತು ಹೇಳುತ್ತಾರೆ? ಬಂದ ಉತ್ತರವೂ ಸಿದ್ಧವಾಗಿರುತ್ತಿತ್ತು. ನೀವು ಕಲಿತ ಕಾಲ ಬೇರೆ, ನಿಮಗೆ ಹೊಸ ಕ್ರಮ ಅರ್ಥವಾಗಿಲ್ಲ, ಮಗುವಿನ ಆತ್ಮವಿಶ್ವಾಸ ಮುಖ್ಯ. ಪರಮಾಣು ಭೌತವಿಜ್ಞಾನ ಓದಿದವನಿಗೆ ಎರಡನೆಯ ತರಗತಿಯ ಲೆಕ್ಕ ಅರ್ಥವಾಗಿಲ್ಲ ಎಂದು ಹೇಳಿ ಸಮಾಧಾನಪಡಿಸುವುದು ಕಷ್ಟ.

ಮುಂದಿನದನ್ನು ಬೇಗ ಹೇಳುತ್ತೇನೆ. 1997ರ ಡಿಸೆಂಬರಿನಲ್ಲಿ ಕ್ಯಾಲಿಫೋರ್ನಿಯಾ, ಸ್ಟ್ಯಾನ್‌ಫರ್ಡ್‌ನ ಗಣಿತಜ್ಞರು ತಿದ್ದಿ ಬರೆದ ಮಾನದಂಡಗಳನ್ನು ಅಂಗೀಕರಿಸಿತು. 1998ರ ಜನವರಿಯಲ್ಲಿ ಶಿಕ್ಷಣ ಮಂತ್ರಿ ರಿಚರ್ಡ್ ರೈಲಿ ಗಣಿತಜ್ಞರ ಸಮ್ಮೇಳನದಲ್ಲಿ ಕದನವಿರಾಮ ಕೇಳಿಕೊಂಡರು. ಮರುವರ್ಷ ಅವರ ಇಲಾಖೆಯೇ ಮ್ಯಾಥ್‌ಲ್ಯಾಂಡ್ ಸೇರಿದಂತೆ ಹತ್ತು ಪಠ್ಯಕ್ರಮಗಳಿಗೆ ‘ಆದರ್ಶ’, ‘ಭರವಸೆಯದು’ ಎಂಬ ಬಿರುದು ಕೊಟ್ಟಾಗ, 1999ರ ನವೆಂಬರ್ 18ರ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಸುಮಾರು ಇನ್ನೂರು ಗಣಿತಜ್ಞರು, ವಿಜ್ಞಾನಿಗಳು ಸಹಿ ಹಾಕಿದ ಪತ್ರ ಬಂತು. ಆ ಶಿಫಾರಸನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು. ಮಂತ್ರಿಗಳು ತೆಗೆದುಕೊಳ್ಳಲಿಲ್ಲ. 

ಇಷ್ಟು ರಾಜಕೀಯ. ಈಗ ಲೆಕ್ಕಕ್ಕೆ ಬರೋಣ.

403ರಲ್ಲಿ 158 ಕಳೆಯಬೇಕು. ಉತ್ತರ 245. ಮೂರು ಮಕ್ಕಳು ತಪ್ಪು ಮಾಡಿದ್ದಾರೆ ಎನ್ನಿ. ಒಂದು 355 ಬರೆದಿದೆ, ಒಂದು 345, ಇನ್ನೊಂದು 255. ಮೂರಕ್ಕೂ ಕೆಂಪು ಶಾಯಿಯಲ್ಲಿ ಇಂಟು ಮಾರ್ಕು ಹಾಕಬಹುದು, ಮೂರಕ್ಕೂ ನಕ್ಷತ್ರ ಅಂಟಿಸಬಹುದು. ಎರಡರಲ್ಲೂ ಮೂವರಿಗೂ ಒಂದೇ ಸಂದೇಶ. ಆದರೆ ಮೂವರದೂ ಒಂದೇ ತಪ್ಪೇ? 355 ಬರೆದ ಮಗು ಮೇಲೆ ಕೆಳಗೆ ನೋಡದೆ, ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: ಎಂಟರಲ್ಲಿ ಮೂರು ಹೋದರೆ ಐದು, ಐದರಲ್ಲಿ ಸೊನ್ನೆ ಹೋದರೆ ಐದು, ನಾಲ್ಕರಲ್ಲಿ ಒಂದು ಹೋದರೆ ಮೂರು. ಸಾಲ ತೆಗೆಯುವ ಗೋಜಿಗೇ ಹೋಗಿಲ್ಲ. 345 ಬರೆದ ಮಗುವಿಗೆ ಸಾಲ ಗೊತ್ತು. ಸೊನ್ನೆಯನ್ನು ಒಂಬತ್ತು ಮಾಡಬೇಕೆಂಬ ಪಟ್ಟೂ ಗೊತ್ತು. ಆದರೆ ಆ ಒಂಬತ್ತು ನೂರರ ಮನೆಯಿಂದ ಬಂದದ್ದೆಂಬುದು ಗೊತ್ತಿಲ್ಲ. ಅಲ್ಲಿ ನಾಲ್ಕು ನಾಲ್ಕಾಗಿಯೇ ಉಳಿದಿದೆ. 255 ಬರೆದ ಮಗು ಬಿಡಿಯ ಮೂರನ್ನು ಹದಿಮೂರು ಮಾಡಿಕೊಂಡಿದೆ, ಪಕ್ಕದಲ್ಲಿ ಸೊನ್ನೆ ಇರುವುದರಿಂದ ಯಾರಿಂದಲೂ ಏನನ್ನೂ ಇಸಿದುಕೊಂಡಿಲ್ಲ. ಆಮೇಲೆ ಹತ್ತರ ಸ್ಥಾನಕ್ಕೆ ನೂರರಿಂದ ಸರಿಯಾಗಿಯೇ ಸಾಲ ತಂದಿದೆ.

ಇವು ನನ್ನ ಕಲ್ಪನೆಯ ತಪ್ಪುಗಳಲ್ಲ. 1978ರಲ್ಲಿ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್, ನಿಕರಾಗುವಾ ದೇಶದ ಸಾವಿರಕ್ಕೂ ಹೆಚ್ಚು ಮಕ್ಕಳ ಕಳೆಯುವ ಲೆಕ್ಕಗಳನ್ನು ಕಂಪ್ಯೂಟರಿಗೆ ಹಾಕಿ ಜಾಲಾಡಿದರು. ಮಕ್ಕಳ ತಪ್ಪುಗಳಲ್ಲಿ ಬಹಳಷ್ಟು ಅಡ್ಡಾದಿಡ್ಡಿ ತಪ್ಪುಗಳಾಗಿರಲಿಲ್ಲ. ಮಗು ಒಂದು ನಿಯಮವನ್ನು ಶ್ರದ್ಧೆಯಿಂದ, ಲೆಕ್ಕದಿಂದ ಲೆಕ್ಕಕ್ಕೆ ಬದಲಿಸದೆ ಪಾಲಿಸುತ್ತಿತ್ತು. ಆ ನಿಯಮ ತಪ್ಪಾಗಿತ್ತು, ಅಷ್ಟೇ. ಅವರು ಶಿಕ್ಷಕರಿಗಾಗಿ ‘ಬಗ್ಗಿ’ ಎಂಬ ಆಟವನ್ನೂ ಮಾಡಿದರು. ಕಂಪ್ಯೂಟರು ಮಗುವಿನ ಹಾಗೆ ತಪ್ಪು ಲೆಕ್ಕ ಮಾಡಿ ತೋರಿಸುತ್ತದೆ, ಯಾವ ನಿಯಮದಿಂದ ತಪ್ಪುತ್ತಿದೆ ಎಂದು ಶಿಕ್ಷಕರು ಪತ್ತೆ ಮಾಡಬೇಕು. ಡಿ.ಎಡ್. ತರಗತಿಗಳಲ್ಲಿ ಇದನ್ನು ಇಂದಿಗೂ ಹಾಳೆಯ ಮೇಲೆ ಆಡಿಸಬಹುದು, ಕಂಪ್ಯೂಟರು ಬೇಕಿಲ್ಲ.

ನನ್ನ ಮಾತಿನ ತಿರುಳು ಇಷ್ಟರಲ್ಲೇ ಇದೆ. ತಿದ್ದದೆ ಬಿಡುವ ಕ್ರಮದ ಮೇಲೆ ತಂದೆತಾಯಿಗಳು ಹೊರಿಸಿದ ಆರೋಪ ಸರಿಯಾಗಿತ್ತು. ಶ್ರದ್ಧೆಯಿಂದ ಪಾಲಿಸುತ್ತಿರುವ ತಪ್ಪು ನಿಯಮ ತಾನಾಗಿ ಕಳಚಿ ಬೀಳುವುದಿಲ್ಲ, ದಿನಬಳಕೆಯಲ್ಲಿ ಗಟ್ಟಿಯಾಗುತ್ತದೆ. ಆದರೆ ಅವರು ಬೇಡಿದ ಪರಿಹಾರ, ಅಂದರೆ ಕೆಂಪು ಮಾರ್ಕು, ಮೇಲಿನ ಮೂವರಲ್ಲಿ ಒಬ್ಬರಿಗೂ ದಾರಿ ತೋರಿಸುವುದಿಲ್ಲ. ತಪ್ಪನ್ನು ಓದಿ, ಅದರ ಒಳಗಿನ ನಿಯಮವನ್ನು ಹಿಡಿದು, ಅದಕ್ಕೆ ತಕ್ಕ ಮುಂದಿನ ಲೆಕ್ಕ ಕೊಡಬಲ್ಲ ಟೀಚರು ಬೇಕು. ಆ ಟೀಚರು ಸುಮ್ಮನಿದ್ದರೂ ಅದರಲ್ಲಿ ಅರ್ಥವಿರುತ್ತದೆ, ಬೈದರೂ ಅರ್ಥವಿರುತ್ತದೆ. ಅಂಥವರು ಎಷ್ಟಿದ್ದಾರೆ ಎಂಬ ದುಬಾರಿ ಪ್ರಶ್ನೆಯನ್ನು ಎರಡೂ ಪಕ್ಷದವರು ಜಗಳದ ಗದ್ದಲದಲ್ಲಿ ಮುಂದೂಡಿದರು.

ಆ ಪ್ರಶ್ನೆಯನ್ನು ನೇರವಾಗಿ ಕೇಳಿದವರು ಲಿಪಿಂಗ್ ಮಾ. ಶಾಂಘೈಯಿಂದ ಬಂದವರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಳ್ಳಿಗೆ ಕಳಿಸಲ್ಪಟ್ಟು, ಅಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾದವರು. 1999ರಲ್ಲಿ ಬಂದ ಅವರ ಪುಸ್ತಕವನ್ನು ಎರಡೂ ಪಕ್ಷದವರು ಹೊಗಳಿದರು, ಈ ಜಗಳದಲ್ಲಿ ಅಂಥದು ಅಪರೂಪ. 23 ಅಮೆರಿಕನ್ ಶಿಕ್ಷಕರ ಮುಂದೆಯೂ 72 ಚೀನೀ ಶಿಕ್ಷಕರ ಮುಂದೆಯೂ ಅವರು ಇಟ್ಟ ಪ್ರಶ್ನೆಗಳಲ್ಲಿ ಒಂದು ಮಕ್ಕಳ ತಪ್ಪಿನದೇ. 123ನ್ನು 645ರಿಂದ ಗುಣಿಸುವಾಗ ಮಕ್ಕಳು 615, 492, 738 ಎಂಬ ಮೂರು ಸಾಲುಗಳನ್ನು ಎಡಕ್ಕೆ ಸರಿಸದೆ ಒಂದರ ಕೆಳಗೊಂದು ನೇರವಾಗಿ ಬರೆದು ಕೂಡಿ 1845 ಎಂದಿದ್ದಾರೆ. ನೀವೇನು ಮಾಡುತ್ತೀರಿ?

ಅಮೆರಿಕನ್ ಶಿಕ್ಷಕರಲ್ಲಿ ಹೆಚ್ಚಿನವರಿಗೆ ಇದು ಸಾಲು ಜೋಡಿಸುವ ತೊಂದರೆಯಾಗಿ ಕಂಡಿತು. ಗೆರೆ ಎಳೆದ ಹಾಳೆ ಕೊಡುತ್ತೇವೆ, ಖಾಲಿ ಜಾಗದಲ್ಲಿ ಏನಾದರೂ ಗುರುತು ಇಡಿಸುತ್ತೇವೆ ಎಂದರು. ಚೀನೀ ಶಿಕ್ಷಕರಲ್ಲಿ ಹೆಚ್ಚಿನವರು 492 ಎಂದರೇನು ಎಂಬಲ್ಲಿಗೆ ಹೋದರು. 645ರ ನಾಲ್ಕು, ನಾಲ್ಕಲ್ಲ, ನಲವತ್ತು. 123ನ್ನು ನಲವತ್ತರಿಂದ ಗುಣಿಸಿದರೆ 4920. ಹಾಗೆಯೇ 738 ಎಂದರೆ 73,800. ಆಗ ಮೊತ್ತ 79,335. ಎಡಕ್ಕೆ ಸರಿಸುವುದು ಶಿಸ್ತಿನ ಮಾತಲ್ಲ, ಬರೆಯದೆ ಬಿಟ್ಟ ಸೊನ್ನೆಯ ನೆರಳು. ಇಬ್ಬರೂ ತಪ್ಪನ್ನು ತಿದ್ದಿದರು, ನೋಡಿ. ಗೆರೆ ಹಾಳೆ ಕೊಟ್ಟ ಟೀಚರ ಮಗುವಿಗೂ ಮರುದಿನ ಸರಿಯುತ್ತರ ಬರುತ್ತದೆ, ತಂದೆತಾಯಿಗಳಿಗೆ ಸಮಾಧಾನವೂ ಆಗುತ್ತದೆ. ಮುಂದೆ ಬೀಜಗಣಿತದಲ್ಲಿ ಆ ಮಗು ಮುಗ್ಗರಿಸಿದಾಗ ಈ ಗೆರೆ ಹಾಳೆಯ ನೆನಪು ಯಾರಿಗೂ ಬರುವುದಿಲ್ಲ. ಇನ್ನೊಂದು ಪ್ರಶ್ನೆ ಒಂದೂಮುಕ್ಕಾಲನ್ನು ಅರ್ಧದಿಂದ ಭಾಗಿಸುವುದು. ಲೆಕ್ಕ ಮಾಡಲು ಹೊರಟ 21 ಅಮೆರಿಕನ್ ಶಿಕ್ಷಕರಲ್ಲಿ ಸರಿಯಾಗಿ ಮುಗಿಸಿದವರು 9 ಮಂದಿ; ಚೀನೀ ಶಿಕ್ಷಕರು 72ಕ್ಕೆ 72. ಉತ್ತರ ಮೂರೂವರೆ ಎಂದು ತಮಗೇ ಖಾತ್ರಿಯಿಲ್ಲದವರಿಗೆ ಮಗುವಿನ ತಪ್ಪನ್ನು ತಿದ್ದದಿರುವ ಸಿದ್ಧಾಂತ ಎಷ್ಟು ಹಿತವಾಗಿ ಕೇಳಿಸಿರಬಹುದು! ಇದು ಕುಹಕವೆನಿಸಿದರೆ ಕ್ಷಮಿಸಿ, ಆದರೆ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ತಿದ್ದದೆಯೂ ಕಲಿಸಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆಯೂ ಇದೆ, ಅದನ್ನು ಹೇಳದೆ ಹೋದರೆ ನ್ಯಾಯವಲ್ಲ. 1990ರ ಜನವರಿ 19. ಮಿಷಿಗನ್ ರಾಜ್ಯದ ಈಸ್ಟ್ ಲ್ಯಾನ್ಸಿಂಗ್ ಊರಿನ ಮೂರನೆಯ ತರಗತಿ. ಟೀಚರು ಡೆಬೊರಾ ಬಾಲ್. ಮುಂದೆ ಮಿಷಿಗನ್ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಡೀನ್ ಆದವರು. ವರದಿಯಲ್ಲಿ ಶಾನ್ ಎಂದು ಕರೆದಿರುವ ಹುಡುಗ ಎದ್ದು, ಆರು ಎನ್ನುವುದು ಸಮವೂ ಹೌದು, ಬೆಸವೂ ಹೌದು ಎಂದ. ಕಾರಣ? ಆರರಲ್ಲಿ ಎರಡರ ಜೊತೆಗಳು ಮೂರಿವೆ, ಮೂರು ಬೆಸ. ಬಾಲ್ ತಪ್ಪು ಎನ್ನಲಿಲ್ಲ. ಮೇ ಎಂಬ ಹುಡುಗಿ ಹಲಗೆಗೆ ಬಂದು, ಹಾಗಾದರೆ ಹತ್ತನ್ನೂ ಹಾಗೇ ಅನ್ನಬೇಕಲ್ಲ, ಅದರಲ್ಲಿ ಐದು ಜೊತೆಗಳಿವೆ ಎಂದಳು. ಅವನನ್ನು ಕಟ್ಟಿಹಾಕುವ ಉದ್ದೇಶ ಅವಳದು. ಶಾನ್ ಅವಳಿಗೆ ಧನ್ಯವಾದ ಹೇಳಿ, ನನಗೆ ಹೊಳೆದಿರಲಿಲ್ಲ, ಹತ್ತೂ ಹಾಗೇ ಎಂದುಬಿಟ್ಟ! ಮಕ್ಕಳು ಸಮಸಂಖ್ಯೆಯ ವ್ಯಾಖ್ಯೆ ಏನೆಂದು ಹುಡುಕತೊಡಗಿದರು. ಜೊತೆಗಳನ್ನು ಎಣಿಸಬೇಕೋ, ಉಳಿಯುವ ಒಂಟಿಯನ್ನು ನೋಡಬೇಕೋ ಎಂದು ವಾದಿಸಿದರು. ಕೊನೆಗೆ ಬಾಲ್ 2, 6, 10, 14ರಂಥ ಸಂಖ್ಯೆಗಳಿಗೆ ‘ಶಾನ್ ಸಂಖ್ಯೆಗಳು’ ಎಂದೇ ಹೆಸರಿಟ್ಟರು. ನಾಲ್ಕರಿಂದ ಭಾಗಿಸಿದರೆ ಎರಡು ಉಳಿಯುವ ಸಂಖ್ಯೆಗಳು ಅವು.

ಈ ಪಾಠದ ವಿಡಿಯೋ ಅಮೆರಿಕದ ಶಿಕ್ಷಕ ತರಬೇತಿಯಲ್ಲಿ ಬಹಳ ಓಡಾಡಿದೆ. ಮಗುವಿನ ತಪ್ಪಿಗೆ ನಾಮಕರಣ ಮಾಡಿ ಕೂರಿಸಿದರಲ್ಲ ಎಂದು ಹೌಹಾರಿದವರೂ ಇದ್ದಾರೆ. ಬಾಲ್ ಕೂಡ ತಮ್ಮ ಅಳುಕನ್ನು 1993ರ ಲೇಖನದಲ್ಲಿ ಮುಚ್ಚಿಟ್ಟಿಲ್ಲ. ಆಮೇಲೆ ಅವರು ಸಮ ಬೆಸಗಳ ಮೇಲೆ ಪರೀಕ್ಷೆ ಕೊಟ್ಟು ನೋಡಿದರು. ಯಾರಿಗೂ ಗೊಂದಲ ಉಳಿದಿರಲಿಲ್ಲ. ನನಗೆ ಮುಖ್ಯವೆನಿಸುವುದು ಆ ಪರೀಕ್ಷೆ. ಬಾಯಲ್ಲಿ ತಪ್ಪು ಎನ್ನದಿದ್ದರೂ ತಪ್ಪು ಎಲ್ಲಿಗೆ ಹೋಯಿತೆಂದು ಹಿಂಬಾಲಿಸಿದರು. ಶಾನ್ ಕಂಡದ್ದರಲ್ಲಿ ಗಣಿತವಿದೆ ಎಂದು ಗುರುತಿಸುವಷ್ಟು ಗಣಿತ ಅವರಲ್ಲಿತ್ತು.

ಇನ್ನು ಇತ್ತೀಚಿನ ಘೋಷಣೆಯೊಂದು. ‘ತಪ್ಪು ಮಾಡಿದಾಗ ಮಿದುಳು ಬೆಳೆಯುತ್ತದೆ’ ಎಂಬ ಭಿತ್ತಿಪತ್ರವನ್ನು ಅಮೆರಿಕದ ಎಷ್ಟೋ ತರಗತಿಗಳ ಗೋಡೆಯ ಮೇಲೆ ನೋಡಬಹುದು. ಸ್ಟ್ಯಾನ್‌ಫರ್ಡ್‌ನ ಜೋ ಬೋಲರ್ ಇದನ್ನು ಜನಪ್ರಿಯಗೊಳಿಸಿದವರು. ಇದಕ್ಕೆ ಆಧಾರವಾಗಿ ಹೇಳುವುದು 2011ರಲ್ಲಿ ಜೇಸನ್ ಮೋಸರ್ ಮತ್ತು ಸಂಗಡಿಗರು ಮಾಡಿದ ಅಧ್ಯಯನವನ್ನು. ನಾನು ಅದನ್ನು ತೆಗೆದು ಓದಿದೆ. ಅಲ್ಲಿ ಇದ್ದದ್ದು 25 ಕಾಲೇಜು ವಿದ್ಯಾರ್ಥಿಗಳು, ಪುಟ್ಟ ಮಕ್ಕಳಲ್ಲ. ಅವರು ಮಾಡಿದ್ದು ಪರದೆಯ ಮೇಲಿನ ಅಕ್ಷರಗಳಲ್ಲಿ ನಡುವಿನದು ಯಾವುದೆಂದು ಗುರುತಿಸುವ ಕೆಲಸ, ಲೆಕ್ಕವಲ್ಲ. ತಲೆಯ ಮೇಲೆ ಅಳೆದದ್ದು ವಿದ್ಯುತ್ ಸಂಕೇತ, ಮಿದುಳಿನ ಬೆಳವಣಿಗೆಯಲ್ಲ. ತಮಾಷೆಯೆಂದರೆ, ಆ ಸಂಕೇತ ತನ್ನ ತಪ್ಪು ತನಗೆ ಅರಿವಾಗಿ ಗಮನ ಅತ್ತ ಹರಿಯುವುದಕ್ಕೆ ಸಂಬಂಧಿಸಿದ್ದು. ಕೊಲಂಬಿಯಾ ವಿಶ್ವವಿದ್ಯಾಲಯದ ಜ್ಯಾನೆಟ್ ಮೆಟ್‌ಕಾಫ್ ಮತ್ತು ಸಂಗಡಿಗರು 2001ರಿಂದ ತೋರಿಸುತ್ತ ಬಂದಿರುವುದೂ ಇದಕ್ಕೆ ಹೊಂದುತ್ತದೆ. ಖಾತ್ರಿಯಿಂದ ಹೇಳಿದ ತಪ್ಪು ಉತ್ತರ, ಅನುಮಾನಿಸುತ್ತ ಹೇಳಿದ್ದಕ್ಕಿಂತ ಚೆನ್ನಾಗಿ ಸರಿಹೋಗುತ್ತದೆ, ಆದರೆ ಸರಿಯುತ್ತರವನ್ನು ಯಾರಾದರೂ ತಿಳಿಸಿದ ಮೇಲೆ. ತಪ್ಪಿನಿಂದ ಕಲಿಯುತ್ತೇವೆಂದು ಹೇಳುವ ಸಂಶೋಧನೆಗಳನ್ನೇ ತಪ್ಪನ್ನು ತಿಳಿಸದಿರಲು ಬಳಸಿಕೊಂಡಂತಾಗಿದೆ. 2023ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ಅಂಗೀಕರಿಸಿದ ಹೊಸ ಚೌಕಟ್ಟಿನ ಕರಡು ಚರ್ಚೆಯಲ್ಲಿದ್ದಾಗಲೂ ಇಂಥದೇ ತಕರಾರು ಎದ್ದಿತ್ತು. ಸ್ಟ್ಯಾನ್‌ಫರ್ಡ್‌ನವರೇ ಆದ ಗಣಿತಜ್ಞ ಬ್ರಯನ್ ಕಾನ್ರಾಡ್, ಕರಡು ಉಲ್ಲೇಖಿಸಿದ ಪ್ರಬಂಧಗಳ ಮೂಲ ಓದಿ, ಅಲ್ಲಿಲ್ಲದ್ದನ್ನು ಇಲ್ಲಿ ಹೇಳಲಾಗಿದೆ ಎಂದು ಹಲವು ಕಡೆ ಬೊಟ್ಟುಮಾಡಿದರು.

ಇದು ದೂರದೇಶದ ಕಥೆ ಎಂದು ಕೂರುವಂತಿಲ್ಲ. ಕ್ಯಾಲಿಫೋರ್ನಿಯಾದ ಸನಿವೇಲ್, ಕ್ಯುಪರ್ಟಿನೊ, ಫ್ರೀಮಾಂಟ್‌ಗಳಲ್ಲಿ ನಮ್ಮ ಮಕ್ಕಳು, ಮೊಮ್ಮಕ್ಕಳು ಇದ್ದಾರೆ. ನನ್ನ ಮೊಮ್ಮಗನ ಎರಡನೆಯ ತರಗತಿಯ ಹಾಳೆಯೊಂದನ್ನು ನಾನೇ ಕಂಡೆ. 34ರಲ್ಲಿ 18 ಕಳೆದು 24 ಎಂದು ಬರೆದಿದ್ದ. ಪಕ್ಕದಲ್ಲಿ ಹಳದಿ ನಕ್ಷತ್ರ, ‘ನಿನ್ನ ಯೋಚನೆ ಇಷ್ಟವಾಯಿತು’ ಎಂಬ ಒಕ್ಕಣೆ. ಯಾವ ಯೋಚನೆ ಎಂದು ಕೇಳಿದೆ. ‘ದೊಡ್ಡದ್ರಿಂದ ಚಿಕ್ಕದು ತೆಗೀಬೇಕು, ಅಜ್ಜ’ ಎಂದ. ಅದೇ 355ರ ಮಗು! ಹದಿನೆಂಟು ಗೋಲಿಯನ್ನು ಇಪ್ಪತ್ತನಾಲ್ಕರ ಜೊತೆ ಸೇರಿಸಿ ಎಣಿಸು ಎಂದೆ. ನಲವತ್ತೆರಡು ಬಂತು. ಹಾಳೆಯನ್ನೂ ನನ್ನನ್ನೂ ಒಮ್ಮೆ ನೋಡಿ, ರಬ್ಬರು ತರಲು ತಾನಾಗಿ ಎದ್ದುಹೋದ. ಆತ್ಮವಿಶ್ವಾಸಕ್ಕೆ ಧಕ್ಕೆಯಾದ ಲಕ್ಷಣ ನನಗೇನೂ ಕಾಣಲಿಲ್ಲ.

ಆ ಊರುಗಳ ಕನ್ನಡ ಮನೆಗಳಲ್ಲಿ ಈ ಕೊರತೆಗೆ ಕಂಡುಕೊಂಡಿರುವ ಪರಿಹಾರ ಒಂದೇ: ಹೊರಗೆ ಟ್ಯೂಷನ್‌ಗೆ ಕಳಿಸುವುದು. ಕುಮೋನ್‌ಗೋ, ರಷ್ಯನ್ ಸ್ಕೂಲ್ ಆಫ್ ಮ್ಯಾಥಮ್ಯಾಟಿಕ್ಸ್‌ಗೋ. ಎರಡರ ಹುಟ್ಟಿಗೂ ಕಾರಣ ತಂದೆತಾಯಿಗಳ ಅಸಮಾಧಾನವೇ. 1954ರಲ್ಲಿ ಒಸಾಕದ ಹೈಸ್ಕೂಲ್ ಗಣಿತ ಶಿಕ್ಷಕ ಟೊರು ಕುಮೋನ್ ಎರಡನೆಯ ತರಗತಿಯ ಮಗನ ಲೆಕ್ಕ ಹಿಂದೆಬಿದ್ದದ್ದು ಕಂಡು ಕೈಯಲ್ಲೇ ಹಾಳೆಗಳನ್ನು ಬರೆದುಕೊಟ್ಟರು. 1997ರಲ್ಲಿ ಬಾಸ್ಟನ್ ಬಳಿಯ ನ್ಯೂಟನ್‌ನಲ್ಲಿ, ಸೋವಿಯತ್ ಒಕ್ಕೂಟದಿಂದ ವಲಸೆ ಬಂದಿದ್ದ ಇನೆಸ್ಸಾ ರಿಫ್ಕಿನ್ ತಮ್ಮ ಮಗನ ಶಾಲೆಯ ಗಣಿತ ನೋಡಿ ತಾಳಲಾರದೆ ಪಾಠ ಶುರುಮಾಡಿದರು. ಕುಮೋನ್‌ನಲ್ಲಿ ಮಗು ತಪ್ಪಿದ ಲೆಕ್ಕವನ್ನು ತಾನೇ ತಿದ್ದಿ ತಿದ್ದಿ, ಹಾಳೆ ನೂರಕ್ಕೆ ನೂರಾಗುವವರೆಗೆ ಮುಂದೆ ಹೋಗುವಂತಿಲ್ಲ. ಶಾಲೆಯಲ್ಲಿ ನಕ್ಷತ್ರ, ಸಂಜೆ ದುಡ್ಡು ಕೊಟ್ಟ ಕಡೆ ತಿದ್ದುಪಡಿ. ಆ ದುಡ್ಡು ಇಲ್ಲದ ಮನೆಯ ಮಗುವಿಗೆ ನಕ್ಷತ್ರವಷ್ಟೇ. ಸಮಾನತೆಯ ಹೆಸರಿನಲ್ಲಿ ಹೊರಟ ಕ್ರಮವೊಂದು ಬಂದು ನಿಂತದ್ದು ಇಲ್ಲಿ. ಈ ಒಂದು ಕಾರಣಕ್ಕೇ ನಾನು ತಂದೆತಾಯಿಗಳ ಸಿಟ್ಟಿನ ಪರ. ಅವರಲ್ಲಿ ಅನೇಕರು ತಮ್ಮ ಮಗುವಿಗೆ ಟ್ಯೂಷನ್ ಇಡಿಸಿದ ಮೇಲೆ ಸಭೆಗೆ ಬರುವುದನ್ನು ನಿಲ್ಲಿಸಿದರು ಎಂಬುದೂ ನಿಜವಿರಬೇಕು, ಮನುಷ್ಯಸ್ವಭಾವ.

ನಮ್ಮ ಕಡೆಯ ಚರಿತ್ರೆಯಲ್ಲಿ ತಿದ್ದುವುದಕ್ಕೆ ಕೊರತೆ ಇರಲಿಲ್ಲ. ಕೂಲಿಮಠದಲ್ಲಿ ಮಗ್ಗಿ ತಪ್ಪಿದರೆ ಬೆತ್ತ, ಕೋದಂಡ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಗಣಿತ ಗುಂಪು, ಆರ್. ರಾಮಾನುಜಂ ಅಧ್ಯಕ್ಷತೆಯಲ್ಲಿ, ಭಯ ಮತ್ತು ಸೋಲಿನ ಭಾವನೆಯನ್ನೇ ಗಣಿತ ಶಿಕ್ಷಣದ ಮೊದಲ ಸಮಸ್ಯೆಯಾಗಿ ಗುರುತಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಮಗು ಭಯ, ಆಘಾತ, ಆತಂಕಗಳಿಂದ ಮುಕ್ತವಾಗಿರಬೇಕೆಂದು ಬರೆದಿದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಮಗು ತನ್ನ ಮೆಟ್ಟಿಲನ್ನು ತಾನೇ ಹತ್ತುತ್ತದೆ. ಇವೆಲ್ಲ ಒಳ್ಳೆಯವು. ಭಯ ತೆಗೆಯಿರಿ ಎಂದದ್ದನ್ನು ತಪ್ಪು ತೋರಿಸಬೇಡಿ ಎಂದು ಓದಿಕೊಳ್ಳುವವರು ಇಲ್ಲೂ ಹುಟ್ಟುತ್ತಿದ್ದಾರೆ, ಅದಕ್ಕಾಗಿ ಈ ಮಾತು. ಭಯವಿಲ್ಲದೆ ತಪ್ಪು ಹೇಳುವುದು ಸಾಧ್ಯ. ಜೇಮ್ಸ್ ಸ್ಟಿಗ್ಲರ್ ಎಂಬ ಮನಃಶಾಸ್ತ್ರಜ್ಞರು ಜಪಾನಿನ ನಾಲ್ಕನೆಯ ತರಗತಿಯೊಂದರಲ್ಲಿ ಕೂತು ನೋಡಿದ್ದನ್ನು ಹೇಳಿಕೊಂಡಿದ್ದಾರೆ. ಘನಾಕೃತಿ ಬಿಡಿಸಲು ಬಾರದ ಹುಡುಗನನ್ನೇ ಟೀಚರು ಹಲಗೆಗೆ ಕರೆದರಂತೆ. ಅವನು ಬಿಡಿಸುತ್ತಾನೆ, ಸರಿಯಾಯಿತೇ ಎಂದು ಟೀಚರು ತರಗತಿಯನ್ನು ಕೇಳುತ್ತಾರೆ, ಇಲ್ಲ ಎಂದು ಎಲ್ಲರೂ ತಲೆಯಾಡಿಸುತ್ತಾರೆ, ಅವನು ಮತ್ತೆ ಬಿಡಿಸುತ್ತಾನೆ. ಬೆವರಿದವರು ಸ್ಟಿಗ್ಲರ್, ಹುಡುಗನಲ್ಲ. ಪೀರಿಯಡ್ಡಿನ ಕೊನೆಗೆ ಅವನ ಘನ ಸರಿಯಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು.

ಕೊನೆಯದಾಗಿ ಒಂದು ಚಿಕ್ಕ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಬ್ಬ ಶಿಕ್ಷಕರಿಗೆ 30 ಮಕ್ಕಳು. ಮಗುವಿಗೆ ಹತ್ತು ಲೆಕ್ಕ ಕೊಟ್ಟರೆ 300 ಉತ್ತರ. ಐದರಲ್ಲೊಂದು ತಪ್ಪೆಂದು ಹಿಡಿಯಿರಿ, 60 ತಪ್ಪು. ಒಂದು ತಪ್ಪನ್ನು ಓದಿ ಅದರ ಒಳಗಿನ ನಿಯಮ ಹಿಡಿಯಲು ಅನುಭವಸ್ಥರಿಗೂ ಒಂದು ನಿಮಿಷ ಬೇಕು. ಅಂದರೆ ದಿನಕ್ಕೆ ಒಂದು ಗಂಟೆ. ಲಿಪಿಂಗ್ ಮಾ ನೋಡಿದ ಚೀನೀ ಶಿಕ್ಷಕರಿಗೆ ದಿನಕ್ಕೆ ಮೂರುನಾಲ್ಕು ಪೀರಿಯಡ್ ಪಾಠ. ಉಳಿದ ಹೊತ್ತು ಒಂದೇ ಕೋಣೆಯಲ್ಲಿ ಕೂತು ಮಕ್ಕಳ ಪುಸ್ತಕ ತಿದ್ದುತ್ತ, ಈ ಮಗು ಇಲ್ಲೇಕೆ ತಪ್ಪಿತು ಎಂದು ಪರಸ್ಪರ ತೋರಿಸಿಕೊಳ್ಳುತ್ತಿದ್ದರು. ಅಮೆರಿಕದ ಪ್ರಾಥಮಿಕ ಶಿಕ್ಷಕಿ ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳ ಮುಂದೆಯೇ ನಿಂತಿರುತ್ತಾಳೆ. ನಮ್ಮವರಿಗೆ ಪಾಠದ ಮೇಲೆ ಬಿಸಿಯೂಟದ ಲೆಕ್ಕ, ಜನಗಣತಿ, ಮತದಾರರ ಪಟ್ಟಿ. ಆ ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲಿ ಎಲ್ಲಿ ಬರೆಯುತ್ತೀರಿ ಎಂದು ಇಲ್ಲಿರುವ ಇಲಾಖೆಯ ಅಧಿಕಾರಿಗಳನ್ನು ನಾನು ಕೇಳುತ್ತಿದ್ದೇನೆ. ಅವರಿಗೆ ಉತ್ತರಿಸಲು ಹತ್ತು ನಿಮಿಷ ಕೊಡಲಾಗುವುದೆಂದು ಅಧ್ಯಕ್ಷರು ಹೇಳಿದ್ದಾರೆ.